ತಂದೆಯ ಕಾಲದ ರೈಫಲ್: ಮಾರಬೇಕೇ, ತಿದ್ದಿಸಬೇಕೇ, ಇಟ್ಟುಕೊಳ್ಳಬೇಕೇ?

ಓದುಗರ ಪ್ರಶ್ನೆ: ನಾಪೋಕ್ಲು ಕಡೆಯ ಕಾಫಿ ಬೆಳೆಗಾರ ನಾನು. ತಂದೆ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಅವರ ಹೆಸರಿನಲ್ಲಿ ಒಂದು .315 ರೈಫಲ್ ಇತ್ತು; ಸೇನೆಯಲ್ಲಿದ್ದ ನಮ್ಮ ಅಜ್ಜ ಸ್ವಾತಂತ್ರ್ಯಕ್ಕೆ ಮೊದಲೇ ಕೊಂಡದ್ದೆಂದು ಕೇಳಿದ್ದೇನೆ. ಗುಂಡು ತುಂಬಲು ಹಿಂದೆಮುಂದೆ ಎಳೆಯುವ ಬೋಲ್ಟಿನ ಹತ್ತಿರ ಬಿ.ಎಸ್.ಎ. (ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಕಂಪನಿ) ಎಂಬ ಅಕ್ಷರಗಳಿವೆ. ಆರು ವರ್ಷದ ಹಿಂದೆ ಆಯುಧಗಳ ಹಬ್ಬವಾದ ಕೈಲ್‌ಪೊಳ್ದ್ ದಿನ ತಂದೆ ತೆಂಗಿನಕಾಯಿಗೆ ಹೊಡೆದದ್ದೇ ಕೊನೆ. ಈಗ ನಳಿಗೆಯ ತುದಿಯ ಒಳಭಾಗದಲ್ಲಿ ತುಕ್ಕು ಕಾಣುತ್ತಿದೆ. ಜೊತೆಗೆ ಹಸಿರು ಹಿಡಿದ ಇಪ್ಪತ್ತಮೂರು ತೋಟೆಗಳಿವೆ. ಬೆಂಗಳೂರಿನಲ್ಲಿರುವ ತಮ್ಮ, ಇಂಗ್ಲೆಂಡಿನ ಕೋವಿಗೆ ಲಕ್ಷಗಟ್ಟಲೆ ಬೆಲೆಯಿದೆ, ತನ್ನ ಸ್ನೇಹಿತನಿಗೆ ಕೊಟ್ಟುಬಿಡೋಣ ಎನ್ನುತ್ತಾನೆ. ಮಗನಿಗೆ ಅದಕ್ಕೆ ದುರ್ಬೀನು ಕೂರಿಸಿ ಪ್ಲಾಸ್ಟಿಕ್ ಹಿಡಿ ಹಾಕಿಸುವ ಆಸೆ. ಪರಿಚಯದ ಕಮ್ಮಾರರೊಬ್ಬರು ತುಕ್ಕು ಹಿಡಿದ ನಾಲ್ಕು ಇಂಚು ನಳಿಗೆಯನ್ನು ಕತ್ತರಿಸಿ ಕೊಡುತ್ತೇನೆಂದಿದ್ದಾರೆ. ಹಳೆಯ ಕೋವಿ ಕೈಯಲ್ಲೇ ಸಿಡಿಯುತ್ತದೆಂದು ಹೆಂಡತಿಗೆ ಭಯ. ಕೊಡವರಿಗೆ ಕಾಗದಪತ್ರ ಬೇಕಿಲ್ಲವಲ್ಲ ಎಂದು ನೆಂಟರು ಹೇಳುತ್ತಾರೆ. ನನಗೆ ಅದನ್ನು ಮನೆಯಿಂದ ಕಳಿಸಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಧೈರ್ಯವೂ ಇಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸೇನೆಯಲ್ಲಿ ಆರ್ಮರರ್ (ಬಂದೂಕು ದುರಸ್ತಿಗಾರ) ಆಗಿ ದುಡಿದು, ನಿವೃತ್ತಿಯ ನಂತರ ಲೈಸೆನ್ಸ್ ಇರುವ ದುರಸ್ತಿ ಅಂಗಡಿಯೊಂದರ ಮೇಜಿನ ಮುಂದೆ ಇಷ್ಟು ವರ್ಷ ಕುಳಿತಿರುವ ನನಗೆ ಇಂಥ ಪ್ರಶ್ನೆ ಹೊಸದಲ್ಲ. ಕೊಡಗಿನಲ್ಲಿ ಹಿರಿಯರೊಬ್ಬರು ತೀರಿಕೊಂಡ ಮನೆಯಲ್ಲಿ ಗದ್ದೆ, ತೋಟ, ಒಡವೆಗಳ ಮಾತು ಮುಗಿದ ಮೇಲೆ ಕೊನೆಗೆ ಉಳಿಯುವುದು ಕೋವಿಯ ಮಾತೇ. ನಿಮ್ಮ ಸಂಕಟಕ್ಕೆ ಕಾರಣವೆಂದು ನನಗೆ ತೋರುವುದಿಷ್ಟು: ಇಟ್ಟುಕೊಂಡರೆ ಹಾರಿಸಬೇಕು, ಹಾರಿಸಲು ಆಗದಿದ್ದರೆ ಮಾರಬೇಕು ಅಥವಾ ಕತ್ತರಿಸಿಯಾದರೂ ಸರಿಮಾಡಬೇಕು ಎಂದು ಮನೆಯವರೆಲ್ಲರೂ ಒಂದನ್ನೊಂದು ಗಂಟು ಹಾಕಿದ್ದೀರಿ. ಆ ಗಂಟನ್ನು ಮೊದಲು ಬಿಚ್ಚೋಣ. ರೈಫಲನ್ನು ಇಟ್ಟುಕೊಳ್ಳುವುದು ಬೇರೆ, ಅದರಿಂದ ಗುಂಡು ಹಾರಿಸುವುದು ಬೇರೆ. ಇನ್ನು ಮುಂದೆ ಒಂದು ಗುಂಡನ್ನೂ ಹಾರಿಸದೆ ಅದನ್ನು ಕಾನೂನುಬದ್ಧವಾಗಿ, ಗೌರವದಿಂದ ಮನೆಯಲ್ಲಿ ಇಟ್ಟುಕೊಳ್ಳಬಹುದು. ಹಾರಿಸಲು ಯೋಗ್ಯವಾಗಿದೆ ಎಂದು ಗೊತ್ತಾದ ಮೇಲೂ ಮಾರಬಹುದು. ಮಾರಿದ್ದನ್ನು ಮರಳಿ ಪಡೆಯುವುದು ಕಷ್ಟ, ಕತ್ತರಿಸಿದ್ದನ್ನು ಸೇರಿಸಲು ಆಗುವುದೇ ಇಲ್ಲ. ಆದುದರಿಂದ ಆ ಎರಡು ತೀರ್ಮಾನಗಳನ್ನು ಕೊನೆಗೆ ಇಟ್ಟುಕೊಳ್ಳಿ.

ನಿಮ್ಮ ನೆಂಟರ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ಅರ್ಧ ನಿಜ, ಅರ್ಧ ನಿಜವೇ ಹೆಚ್ಚು ಜನರನ್ನು ತೊಂದರೆಗೆ ಸಿಕ್ಕಿಸುತ್ತದೆ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಇರುವುದು ಸತ್ಯ. 1861ರಲ್ಲಿ ಬ್ರಿಟಿಷ್ ಆಡಳಿತ ಕೊಟ್ಟ ಆ ವಿನಾಯಿತಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಾಲದಲ್ಲೂ ಮುಂದುವರಿಯಿತು. ಕೇಂದ್ರ ಗೃಹ ಸಚಿವಾಲಯವು 2019ರ ಅಕ್ಟೋಬರ್ 29ರ ಅಧಿಸೂಚನೆಯಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ, ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿದೆ. ಆದರೆ ಈ ವಿನಾಯಿತಿ ಕಾಯ್ದೆಯ 3 ಮತ್ತು 4ನೆಯ ಕಲಮುಗಳಿಗೆ, ಅಂದರೆ ಹೊಂದಲು ಮತ್ತು ಒಯ್ಯಲು ಬೇಕಾದ ಲೈಸೆನ್ಸಿಗೆ ಸಂಬಂಧಿಸಿದ್ದು. ಇಡೀ ಕಾಯ್ದೆಯಿಂದಲೇ ಬಿಡುಗಡೆ ಸಿಕ್ಕಿದೆ ಎಂದು ಭಾವಿಸುವುದು ತಪ್ಪು. ತಯಾರಿ, ದುರಸ್ತಿ, ಮಾರಾಟಗಳ ಕುರಿತ 5ನೆಯ ಕಲಮು, ನಳಿಗೆ ಕತ್ತರಿಸುವುದರ ಕುರಿತ 6ನೆಯದು, ಗುರುತಿನ ಸಂಖ್ಯೆಯನ್ನು ಅಳಿಸಬಾರದೆನ್ನುವ 8ನೆಯದು ನಿಮಗೂ ನನಗೂ ಒಂದೇ ರೀತಿ ಅನ್ವಯಿಸುತ್ತವೆ. ಕೊಡಗಿನ ಹೊರಗೆ ಒಯ್ಯುವುದಕ್ಕೂ ಮಿತಿಯಿದೆ: ವಿನಾಯಿತಿ ಪಡೆದವರು ಜಿಲ್ಲೆಯ ಆಚೆ ವಾಸವಿದ್ದಾಗ ಅಥವಾ ಪ್ರಯಾಣಿಸುವಾಗ ಒಂದು ರೈಫಲ್ ಮತ್ತು ಅದರ 100 ಗುಂಡು, ಜೊತೆಗೆ ಒಂದು ಸಾದಾ ನಳಿಗೆಯ ಕೋವಿ ಮತ್ತು ಅದರ 500 ತೋಟೆ, ಇಷ್ಟನ್ನು ಮೀರುವಂತಿಲ್ಲ.

ಇನ್ನು ನಿಮ್ಮ ಮನೆಯ ಸ್ಥಿತಿ. ಆ ರೈಫಲ್ ದಾಖಲೆಯಲ್ಲಿ ಇಂದಿಗೂ ನಿಮ್ಮ ತಂದೆಯವರದು. ಜಿಲ್ಲಾಧಿಕಾರಿ ಕಚೇರಿಯಿಂದ ಅವರ ಹೆಸರಿಗೆ ಬಂದಿದ್ದ ವಿನಾಯಿತಿ ಪತ್ರ ಅವರೊಂದಿಗೇ ಮುಗಿಯಿತು; ನಿಮ್ಮ ಹೆಸರಿಗೆ ಬೇರೆ ಪತ್ರ ಆಗಬೇಕು, ಅದರಲ್ಲಿ ಈ ರೈಫಲಿನ ಕ್ರಮಸಂಖ್ಯೆ ನಮೂದಾಗಬೇಕು. ಮರಣ ಪ್ರಮಾಣಪತ್ರ, ತಂದೆಯವರ ಮೂಲ ಪತ್ರ, ವಾರಸುದಾರಿಕೆಯ ದಾಖಲೆ, ಒಕ್ಕದ (ಕೊಡವ ಕುಲದ) ಅಥವಾ ಜಮ್ಮಾ ಹಿಡುವಳಿಯ ಆಧಾರ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಇವುಗಳನ್ನು ಸೇರಿಸಿ ಮಡಿಕೇರಿಯಲ್ಲಿ ಅರ್ಜಿ ಕೊಡಿ. ಅದೇ ದಿನ ನಿಮ್ಮ ಠಾಣೆಗೂ ಒಂದು ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಹದಿನಾಲ್ಕು ತಿಂಗಳು ತಡವಾಗಿದೆ ಎಂಬ ಅಂಜಿಕೆಯಿಂದ ಇನ್ನೂ ತಡಮಾಡಬೇಡಿ. ನೀವಾಗಿಯೇ ಹೋಗಿ ಹೇಳಿಕೊಂಡಾಗ ಆಗುವ ಮಾತುಕತೆ ಬೇರೆ, ಯಾರೋ ದೂರು ಕೊಟ್ಟು ಪೊಲೀಸರು ಮನೆಗೆ ಬಂದಾಗ ಆಗುವುದು ಬೇರೆ. ಪತ್ರ ಕೈಗೆ ಬರುವ ತನಕ ರೈಫಲನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯ ಬಳಿಯೋ ಠೇವಣಿ ಇಟ್ಟು ರಸೀದಿ ತೆಗೆದುಕೊಳ್ಳುವುದು ಒಳ್ಳೆಯದು. 21ನೆಯ ಕಲಮು ಹೇಳುವುದೂ ಇಂಥ ಸಂದರ್ಭದ ಬಗ್ಗೆಯೇ. ಠೇವಣಿ ಇಡುವ ಮೊದಲು ಚೆನ್ನಾಗಿ ಎಣ್ಣೆ ಸವರಿ, ಕ್ರಮಸಂಖ್ಯೆ ಕಾಣುವಂತೆ ನಾಲ್ಕಾರು ಚಿತ್ರ ತೆಗೆದಿಟ್ಟುಕೊಳ್ಳಿ. ಠಾಣೆಯ ಕೋಣೆಯಲ್ಲಿ ಒಂದು ಮಳೆಗಾಲ ಕಳೆದು ಕೆಂಪು ಪುಡಿ ಹಿಡಿದು ಬಂದ ಕೋವಿಗಳನ್ನು ನಾನು ಬಹಳ ನೋಡಿದ್ದೇನೆ.

ಇನ್ನೊಂದು ಮಾತನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಆ ರೈಫಲ್ ನಿಮ್ಮ ಅಜ್ಜನ ಸ್ವಂತದ್ದೋ, ಒಕ್ಕದ್ದೋ? ಐನ್‌ಮನೆಯ (ಒಕ್ಕದ ಮೂಲಮನೆಯ) ಕೋವಿಯನ್ನು ಯಾರೋ ಒಬ್ಬ ಹಿರಿಯರ ಹೆಸರಿನಲ್ಲಿ ನಮೂದಿಸಿರುವುದು ನಮ್ಮಲ್ಲಿ ಇದ್ದದ್ದೇ. ಕಾನೂನು ಹೆಸರನ್ನು ನೋಡುತ್ತದೆ, ಒಕ್ಕ ನೆನಪನ್ನು ನೋಡುತ್ತದೆ. ಒಕ್ಕದ ಹಿರಿಯರಾದ ಪಟ್ಟೆದಾರರನ್ನೂ ನಿಮ್ಮ ತಮ್ಮನನ್ನೂ ಕೂರಿಸಿಕೊಂಡು ಅದನ್ನು ಮೊದಲೇ ಮಾತಾಡಿ ಮುಗಿಸಿ. ಮಾರಿದ ಮೇಲೆ ಎದ್ದ ಇಂಥ ಪ್ರಶ್ನೆಯೊಂದು ಎರಡು ಮನೆಗಳ ಮಾತು ನಿಲ್ಲಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ನಿಮ್ಮ ಹೆಂಡತಿಯವರ ಭಯ. ಹಳೆಯದಾದ ಮಾತ್ರಕ್ಕೆ ರೈಫಲ್ ಸಿಡಿಯುವುದಿಲ್ಲ. ಉಕ್ಕು ಹಾಲಿನಂತೆ ದಿನ ಕಳೆದ ಹಾಗೆ ಕೆಡುವ ವಸ್ತುವಲ್ಲ. ಸರಿಯಾಗಿ ಇಟ್ಟ ನೂರು ವರ್ಷದ ರೈಫಲ್ ಇಂದಿಗೂ ಸರಿಯಾದ ಗುಂಡಿನೊಂದಿಗೆ ಸುರಕ್ಷಿತವಾಗಿ ಕೆಲಸ ಮಾಡುತ್ತದೆ, ಕೆಟ್ಟದಾಗಿ ಇಟ್ಟ ಐದು ವರ್ಷದ್ದು ಮಾಡುವುದಿಲ್ಲ. ನನ್ನ ಅನುಭವದಲ್ಲಿ ಅಪಾಯ ಬರುವ ದಾರಿಗಳು ನಾಲ್ಕೇ: ನಳಿಗೆಯೊಳಗೆ ಅಡ್ಡಿ, ಒಳಗೆ ಆಳವಾಗಿ ಕೊರೆದ ತುಕ್ಕು, ಬೋಲ್ಟ್ ಮುಖ ಮತ್ತು ತೋಟೆಯ ತಳದ ನಡುವಿನ ಅಂತರ ಹೆಚ್ಚಾಗಿರುವುದು, ತಪ್ಪು ಅಥವಾ ಕೆಟ್ಟ ತೋಟೆ. ಹೆಂಡತಿಯವರ ಭಯಕ್ಕೆ ಆಧಾರವೇ ಇಲ್ಲವೆಂದು ಹೇಳಲಾರೆ, ಆದರೆ ಭಯ ಪಡಬೇಕಾದದ್ದು ವಯಸ್ಸಿಗಲ್ಲ, ಈ ನಾಲ್ಕಕ್ಕೆ. ಆರು ವರ್ಷ ಬಳಸದೆ ಇಟ್ಟ ರೈಫಲಿನಲ್ಲಿ ಈ ನಾಲ್ಕೂ ಒಟ್ಟಿಗೆ ಇರುವುದು ಸಾಧ್ಯ.

ಅಡ್ಡಿ ಎಂದರೆ ಏನೆಂಬುದಕ್ಕೆ ಒಂದು ಉದಾಹರಣೆ. ಕೆಲವು ವರ್ಷಗಳ ಹಿಂದೆ ಒಂದು ಮನೆಯವರು ತಂದ ರೈಫಲಿನ ನಳಿಗೆಯಲ್ಲಿ, ತುದಿಯಿಂದ ಸುಮಾರು ಒಂದು ಗೇಣು ಹಿಂದೆ, ಹಾವು ಮೊಟ್ಟೆ ನುಂಗಿದ ಹಾಗೆ ಸಣ್ಣ ಉಬ್ಬು ಇತ್ತು. ಹೊರಗಿನಿಂದ ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು. ಗೋಡೆಗೆ ಆನಿಸಿಟ್ಟಿದ್ದ ಕೋವಿಯೊಳಗೆ ಕುಂಬಾರ ಹುಳು ಹೊಕ್ಕು ಮಣ್ಣಿನ ಗೂಡು ಕಟ್ಟಿತ್ತು. ಹಬ್ಬದ ದಿನ ಯಾರೂ ಒಳಗೆ ನೋಡದೆ ಗುಂಡು ತುಂಬಿದರು. ಬೆರಳ ತುದಿಯಷ್ಟು ಒಣ ಮಣ್ಣು ಸಾಕು, ಗುಂಡು ಅದಕ್ಕೆ ತಾಗಿ ನಿಧಾನವಾದ ಆ ಕ್ಷಣದಲ್ಲಿ ಹಿಂದಿನಿಂದ ನುಗ್ಗುವ ಅನಿಲದ ಒತ್ತಡ ಉಕ್ಕನ್ನೇ ಹಿಗ್ಗಿಸುತ್ತದೆ. ಅಂದು ನಳಿಗೆ ಉಬ್ಬಿತು, ಸೀಳಲಿಲ್ಲ, ಹೊಡೆದವರ ಎಡಗೈ ಉಳಿಯಿತು. ಆ ನಳಿಗೆಗೆ ಮತ್ತೆ ಗುಂಡಿನ ಯೋಗವಿಲ್ಲ. ಬೋಲ್ಟ್ ತೆಗೆದು, ಹಿಂದಿನಿಂದ ಬೆಳಕಿಗೆ ಹಿಡಿದು ಒಮ್ಮೆ ನೋಡಿದ್ದರೆ ಎರಡು ನಿಮಿಷದ ಕೆಲಸವಾಗಿತ್ತು.

ತುಕ್ಕಿನ ಕತೆಯೂ ತಿಳಿಯುವಂಥದ್ದು. ನಿಮ್ಮ ಅಜ್ಜನ ಕಾಲದ ತೋಟೆಗಳ ಕೇಪಿನಲ್ಲಿ, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಮುಚ್ಚಳದಲ್ಲಿ, ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದ ಮೇಲೆ ನಳಿಗೆಯೊಳಗೆ ಉಳಿಯುವುದು ಒಂದು ಬಗೆಯ ಉಪ್ಪು, ಅಡುಗೆ ಉಪ್ಪಿನಂತೆಯೇ ಗಾಳಿಯ ತೇವವನ್ನು ಎಳೆದುಕೊಳ್ಳುವಂಥದ್ದು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಆದುದರಿಂದ ಎಣ್ಣೆಬಟ್ಟೆ ಎಳೆದರೆ ಸಾಲದು. ಹಳೆಯ ಸೈನಿಕರು ನಳಿಗೆಗೆ ಕುದಿಯುವ ನೀರು ಸುರಿದು, ಒಣಗಿಸಿ, ಆಮೇಲೆ ಎಣ್ಣೆ ಹಾಕುತ್ತಿದ್ದದ್ದು ಈ ಕಾರಣಕ್ಕೆ. ಹೊಡೆದ ಮರುದಿನ ಹೀಗೆ ತೊಳೆಯದೆ ಬಿಟ್ಟ ನಳಿಗೆಗಳನ್ನು ಕೊಡಗಿನ ಮಳೆಗಾಲ ಕೊರೆದು ಹಾಕಿದೆ. ನಿಮ್ಮ ನಳಿಗೆಯ ತುದಿಯಲ್ಲಿ ಕಾಣುವ ತುಕ್ಕು ಮೇಲಿನ ಪದರವೋ, ಕೊರೆದ ಗುಳಿಯೋ ಎಂಬುದು ಒರೆಸಿ ನೋಡಿದ ಮೇಲೆಯೇ ತಿಳಿಯಬೇಕು. ಮೇಲ್ಪದರದ ತುಕ್ಕು ಎಣ್ಣೆ ಮತ್ತು ಹಿತ್ತಾಳೆಯ ಬ್ರಷ್ಷಿಗೆ ಬಿಟ್ಟುಬಿಡುತ್ತದೆ. ಗುಳಿಗಳು ಹೋಗುವುದಿಲ್ಲ, ಆದರೆ ತುದಿಯ ಬಳಿಯ ಸಣ್ಣ ಗುಳಿಗಳು ಗುರಿಯನ್ನು ಕೆಡಿಸುತ್ತವೆಯೇ ಹೊರತು ಸಾಮಾನ್ಯವಾಗಿ ನಳಿಗೆಯನ್ನು ಒಡೆಯುವುದಿಲ್ಲ, ಏಕೆಂದರೆ ಅಲ್ಲಿಗೆ ಬರುವಷ್ಟರಲ್ಲಿ ಒತ್ತಡ ಬಹಳ ತಗ್ಗಿರುತ್ತದೆ. ಭಯಪಡಬೇಕಾದದ್ದು ತೋಟೆ ಕೂರುವ ಜಾಗದಲ್ಲಿ ಗುಳಿಗಳಿದ್ದರೆ. ಆ ಜಾಗವನ್ನು ನಿಮ್ಮ ಕಮ್ಮಾರರು ನೋಡಿದ್ದಾರೆಯೇ?

ಮೂರನೆಯದು ಅಂತರ. ನಿಮ್ಮ ರೈಫಲ್ ಲೀ ಮಾದರಿಯದು, ಬ್ರಿಟಿಷ್ ಸೇನೆ ಬಳಸುತ್ತಿದ್ದ ಬಗೆಯದು. ಇದರಲ್ಲಿ ಬೋಲ್ಟ್ ಹಿಂಭಾಗದಲ್ಲಿ ಹಿಡಿದು ನಿಲ್ಲುತ್ತದೆ. ವೇಗವಾಗಿ ಕೆಲಸ ಮಾಡುವ ಒಳ್ಳೆಯ ವಿನ್ಯಾಸ, ಆದರೆ ಪ್ರತಿ ಹೊಡೆತಕ್ಕೂ ಕೂದಲೆಳೆಯಷ್ಟು ಮಣಿಯುತ್ತದೆ, ಸವೆದಂತೆ ತೋಟೆಯ ಹಿಂದೆ ಜಾಗ ಹೆಚ್ಚುತ್ತದೆ. ಹೆಚ್ಚಾದರೆ ಹಿತ್ತಾಳೆಯ ತೋಟೆ ಬುಡದ ಬಳಿ ಹಿಗ್ಗಿ ಹರಿಯಬಹುದು, ಬಿಸಿ ಅನಿಲ ಕಣ್ಣಿನ ಕಡೆಗೇ ಬರಬಹುದು. ತಂದೆಯವರು ಕೊನೆಯ ಸಲ ಹೊಡೆದ ಖಾಲಿ ತೋಟೆ ಎಲ್ಲಾದರೂ ಸಿಕ್ಕರೆ ಎಸೆಯಬೇಡಿ. ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಉಂಗುರದಂಥ ಗೆರೆ ಕಂಡರೆ ಅದು ಹರಿಯುವುದಕ್ಕೆ ಮೊದಲ ಸೂಚನೆ. ಈ ಅಂತರವನ್ನು ಅಳತೆಯ ಗೇಜಿನಲ್ಲಿ ನೋಡಬೇಕು, ಕಣ್ಣಂದಾಜು ನಡೆಯುವುದಿಲ್ಲ. ಸಂತೋಷದ ಸಂಗತಿಯೆಂದರೆ ಲೀ ರೈಫಲಿನಲ್ಲಿ ಬೋಲ್ಟಿನ ತಲೆಯನ್ನು ಬಿಚ್ಚಿ, ಸ್ವಲ್ಪ ಉದ್ದದ ಬೇರೊಂದನ್ನು ಹಾಕಿ ಅನೇಕ ಸಲ ಸರಿಪಡಿಸಬಹುದು. ಹಾಗೆಯೇ ಬೋಲ್ಟಿನ ಮೇಲಿನ ಸಂಖ್ಯೆಯೂ ಮುಖ್ಯ ಭಾಗದ ಸಂಖ್ಯೆಯೂ ಒಂದೇ ಆಗಿದೆಯೇ ನೋಡಿ. ಬೇರೆಯಾಗಿದ್ದರೆ ಯಾವಾಗಲೋ ಬೋಲ್ಟ್ ಬದಲಾಗಿದೆ ಎಂದರ್ಥ, ಅಂಥದ್ದನ್ನು ಗೇಜ್ ಹಾಕದೆ ಹಾರಿಸಲೇಬಾರದು.

ಆ ಇಪ್ಪತ್ತಮೂರು ತೋಟೆಗಳ ವಿಷಯದಲ್ಲಿ ನನ್ನ ಮಾತು ಒಂದೇ: ಹಾರಿಸಬೇಡಿ. ಹಸಿರು ಎಂದರೆ ಹಿತ್ತಾಳೆಯೊಳಗಿನ ತಾಮ್ರ ಕಿಲುಬು ಹಿಡಿಯುತ್ತಿದೆ ಎಂದು, ಒಳಗಿನ ಮದ್ದಿನ ಸ್ಥಿತಿ ಯಾರಿಗೂ ತಿಳಿಯದು. ಕೋವಿಯ ಕುದುರೆ (ಟ್ರಿಗರ್) ಎಳೆದ ಮೇಲೆ ಸದ್ದೇ ಬಾರದೆ, ಏನಾಯಿತೆಂದು ಬೋಲ್ಟ್ ತೆರೆಯುವಷ್ಟರಲ್ಲಿ ಹೊತ್ತಿಕೊಳ್ಳುವ ತೋಟೆಗಳು ಇಂಥವೇ. ಹೊಳೆಗೆ, ಕೆರೆಗೆ, ಬೆಂಕಿಗೆ ಹಾಕುವುದೂ ಬೇಡ. ಠಾಣೆಗೋ ವ್ಯಾಪಾರಿಗೋ ಪಟ್ಟಿ ಮಾಡಿ ಒಪ್ಪಿಸಿ. .315ರ ಹೊಸ ತೋಟೆ ನಮ್ಮ ದೇಶದಲ್ಲೇ ತಯಾರಾಗುವುದರಿಂದ ಹಳೆಯದಕ್ಕೆ ಜೋತುಬೀಳುವ ಅಗತ್ಯವಿಲ್ಲ. .315 ಇಂಚು ಎಂದರೆ ಎಂಟು ಮಿಲಿಮೀಟರ್; ಆ ಒಂದೇ ಹೆಸರಿನಲ್ಲಿ ಬೇರೆ ಬೇರೆ ಜಾತಿಯ ತೋಟೆಗಳಿವೆ. ನಿಮ್ಮದಕ್ಕೆ .315 ಎಂದು ಅಚ್ಚಾಗಿರುವ, ಬುಡದಲ್ಲಿ ಅಂಚು ಇರುವ ತೋಟೆ ಮಾತ್ರ.

ಈ .315 ಬಂದದ್ದು ಹೇಗೆಂದು ತಿಳಿದರೆ ನಿಮ್ಮ ತಮ್ಮನ ಲಕ್ಷದ ಲೆಕ್ಕಕ್ಕೂ ಉತ್ತರ ಸಿಗುತ್ತದೆ. ಸೇನೆಯ .303 ಗುಂಡು ಖಾಸಗಿಯವರ ಕೈಗೆ ಹೋಗಬಾರದೆಂದು ಬ್ರಿಟಿಷ್ ಸರ್ಕಾರ ಭಾರತದಲ್ಲಿ ಅದನ್ನು ನಿರ್ಬಂಧಿಸಿದಾಗ, ಇಂಗ್ಲೆಂಡಿನ ತಯಾರಕರು ಅದೇ ಲೀ ರೈಫಲಿಗೆ ಆಸ್ಟ್ರಿಯದ ಎಂಟು ಮಿಲಿಮೀಟರ್ ಮಾನ್‌ಲಿಖರ್ ತೋಟೆಯನ್ನು ಹೊಂದಿಸಿ ನಮ್ಮ ಮಾರುಕಟ್ಟೆಗೆ ಕಳಿಸಿದರು. ಸ್ವಾತಂತ್ರ್ಯದ ನಂತರ ಪಶ್ಚಿಮ ಬಂಗಾಳದ ಇಚ್ಛಾಪುರದ ರೈಫಲ್ ಕಾರ್ಖಾನೆ ಅದೇ ಅಳತೆಯ ರೈಫಲನ್ನು ನಾಗರಿಕರಿಗಾಗಿ ತಯಾರಿಸುತ್ತ ಬಂತು. 2021ರ ಅಕ್ಟೋಬರ್ 1ರಂದು ಸರ್ಕಾರಿ ಶಸ್ತ್ರ ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ವಿಂಗಡಿಸಿದ ಮೇಲೂ ಅದು ನಿಂತಿಲ್ಲ. ಅಂದರೆ .315 ಅಪರೂಪದ ವಸ್ತುವಲ್ಲ. ವಿದೇಶಿ ಬಂದೂಕುಗಳಿಗೆ ಭಾರತದಲ್ಲಿ ಹೆಚ್ಚು ಬೆಲೆ ಬಂದದ್ದು 1980ರ ದಶಕದಲ್ಲಿ ಸಾಮಾನ್ಯ ನಾಗರಿಕರಿಗೆ ಆಮದು ಬಹುಮಟ್ಟಿಗೆ ಮುಚ್ಚಿಹೋದುದರಿಂದ, ಅದು ನಿಜ. ಆದರೆ ಆ ಬೆಲೆ ಲಂಡನ್ನಿನ ಪ್ರಸಿದ್ಧ ಮನೆಗಳ ಕೈಕೆಲಸದ ಕೋವಿಗಳಿಗೆ ಸಲ್ಲುವಷ್ಟು ಕಾರ್ಖಾನೆಯಿಂದ ಸಾಲಾಗಿ ಬಂದ ಬಿ.ಎಸ್.ಎ.ಗೆ ಸಲ್ಲುವುದಿಲ್ಲ. ಮೇಲಾಗಿ 2019ರ ತಿದ್ದುಪಡಿಯು ಲೈಸೆನ್ಸ್‌ದಾರರ ಮಿತಿಯನ್ನು ಮೂರು ಬಂದೂಕುಗಳಿಂದ ಎರಡಕ್ಕೆ ಇಳಿಸಿತು, ಪಿತ್ರಾರ್ಜಿತ ಬಂದೂಕಿಗೂ ಅದೇ ಮಿತಿ. ಮೂರನೆಯದನ್ನು ಬಿಡಬೇಕಾದವರು ಹೆಚ್ಚಾದರು, ಇನ್ನೊಂದನ್ನು ಕೊಳ್ಳಬಲ್ಲವರು ಕಡಿಮೆಯಾದರು. ವ್ಯಾಪಾರಿ ಹೇಳುವ ಬೆಲೆ ನಿಮ್ಮ ತಮ್ಮನಿಗೆ ನಿರಾಶೆ ತಂದರೆ ಅದಕ್ಕೆ ಕಾರಣ ಇದು, ಯಾವಾಗಲೂ ಮೋಸವಲ್ಲ.

ಆದರೂ ಬೆಲೆಯನ್ನು ಏರಿಸುವ ಸಂಗತಿಗಳಿವೆ. ಮೂರು ಬಂದೂಕುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ ಬಿ.ಎಸ್.ಎ. ಚಿಹ್ನೆ ಸ್ಪಷ್ಟವಾಗಿದೆಯೇ, ನಳಿಗೆಯ ಬುಡದಲ್ಲಿ ಕಿರೀಟ ಮತ್ತು ಅದರ ಕೆಳಗೆ ಎನ್.ಪಿ. ಎಂಬ ಪರೀಕ್ಷಾ ಮುದ್ರೆ ಇದೆಯೇ, ಸಂಖ್ಯೆಗಳು ಹೊಂದುತ್ತವೆಯೇ, ಮೂಲದ ಮರ ಮತ್ತು ಗುರಿಕಣ್ಣು ಉಳಿದಿವೆಯೇ ನೋಡಿ. ಎನ್.ಪಿ. ಎಂದರೆ ಹೊಗೆರಹಿತ ಮದ್ದಿನಿಂದ ಪರೀಕ್ಷಿಸಿ ಒಪ್ಪಿದ್ದು ಎಂದರ್ಥ. ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯ 1954ರ ನಂತರ ಬಿ.ಎನ್.ಪಿ. ಎಂದು ಹಾಕತೊಡಗಿತು, ಹಾಗಾಗಿ ಬರೀ ಎನ್.ಪಿ. ಇದ್ದರೆ ಅಜ್ಜ ಸ್ವಾತಂತ್ರ್ಯಕ್ಕೆ ಮೊದಲೇ ಕೊಂಡದ್ದೆಂಬ ಮಾತಿಗೆ ಬಲ ಬರುತ್ತದೆ. ಅಜ್ಜ ಕೊಂಡ ರಸೀದಿಯೋ ಹಳೆಯ ಪತ್ರವೋ ಟ್ರಂಕಿನಲ್ಲಿದ್ದರೆ ಅದನ್ನು ರೈಫಲಿನಷ್ಟೇ ಜೋಪಾನ ಮಾಡಿ.

ಮಾರುವುದೇ ಆದರೆ ದಾರಿ ಇಕ್ಕಟ್ಟಾದದ್ದು, ಸುತ್ತಾಡಲು ಜಾಗವಿಲ್ಲ. ನಿಮ್ಮ ಹೆಸರಿಗೆ ದಾಖಲಾದ ಮೇಲೆ, ವಿನಾಯಿತಿ ಹೊಂದಿದ ಇನ್ನೊಬ್ಬರಿಗೋ, ಆ ಬಗೆಯ ಬಂದೂಕಿಗೆ ಲೈಸೆನ್ಸ್ ಇರುವವರಿಗೋ, ಲೈಸೆನ್ಸ್‌ದಾರ ವ್ಯಾಪಾರಿಗೋ ಮಾತ್ರ ಕೊಡಬಹುದು. ಲೈಸೆನ್ಸಿಗೆ ಒಳಪಟ್ಟ ಬಂದೂಕನ್ನು ಖಾಸಗಿಯಾಗಿ ಮಾರುವವರು ಕೊಳ್ಳುವವರ ಹೆಸರು, ವಿಳಾಸಗಳನ್ನು ಜಿಲ್ಲಾ ದಂಡಾಧಿಕಾರಿಗಾಗಲಿ ಹತ್ತಿರದ ಠಾಣೆಗಾಗಲಿ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕೆಂಬ ನಿಯಮವಿದೆ. ವಿನಾಯಿತಿ ಇರುವವರೂ ಇದನ್ನು ಪಾಲಿಸುವುದೇ ಕ್ಷೇಮ. ನಿಮ್ಮ ತಮ್ಮನ ಸ್ನೇಹಿತರಿಗೆ ಲೈಸೆನ್ಸ್ ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಕೊಡಗಿನ ವಿನಾಯಿತಿ ವ್ಯಕ್ತಿಗೆ ಸೇರಿದ್ದು, ಕೋವಿಯೊಂದಿಗೆ ಬೆಂಗಳೂರಿಗೆ ಹೋಗುವಂಥದ್ದಲ್ಲ. ಲೈಸೆನ್ಸ್ ಮಾಡಿಸಿಕೊಳ್ಳುವವರೆಗೆ ಅವರ ಮನೆಯಲ್ಲೇ ಇರಲಿ ಎಂಬ ಮಾತಿಗೂ ಒಪ್ಪಬೇಡಿ.

ತಿದ್ದಿಸುವ ವಿಷಯಕ್ಕೆ ಬರುತ್ತೇನೆ, ಇಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ನಳಿಗೆಯನ್ನು ಕತ್ತರಿಸಬೇಡಿ. ಕಮ್ಮಾರರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ 6ನೆಯ ಕಲಮಿನ ಪ್ರಕಾರ ಅದಕ್ಕೆಂದೇ ಲೈಸೆನ್ಸ್ ಇಲ್ಲದವರು ಬಂದೂಕಿನ ನಳಿಗೆಯನ್ನು ಮೊಟಕುಗೊಳಿಸುವುದು ಅಪರಾಧ, 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಲೈಸೆನ್ಸ್ ಇಲ್ಲದೆ ದುರಸ್ತಿಯನ್ನು ಕಸುಬಾಗಿ ಮಾಡುವುದೂ ಅಷ್ಟೇ ಗಂಭೀರ. ಕತ್ತರಿಸಿದವರ ಜೊತೆಗೆ ಕೊಟ್ಟವರೂ ಉತ್ತರ ಹೇಳಬೇಕಾಗುತ್ತದೆ. ಕಾನೂನನ್ನು ಒಂದು ಕ್ಷಣ ಬದಿಗಿಟ್ಟರೂ ಕೆಲಸದ ದೃಷ್ಟಿಯಿಂದ ಅದು ತಪ್ಪು. ಗುಂಡು ನಳಿಗೆಯನ್ನು ಬಿಡುವ ಕೊನೆಯ ಅಂಚು ಎಲ್ಲ ಕಡೆ ಸಮನಾಗಿ, ನಳಿಗೆಯ ನಡುಗೆರೆಗೆ ಲಂಬವಾಗಿ ಇರಬೇಕು. ಒಂದು ಬದಿ ಕೂದಲಿನಷ್ಟು ತಗ್ಗಿದ್ದರೂ ಅನಿಲ ಆ ಬದಿಯಿಂದ ಮೊದಲು ನುಗ್ಗಿ ಗುಂಡನ್ನು ವಾಲಿಸುತ್ತದೆ. ಗರಗಸ ಮತ್ತು ಅರದಿಂದ ಅದು ಬರುವುದಿಲ್ಲ. ಮುಂದಿನ ಗುರಿಕಣ್ಣನ್ನು ಕಿತ್ತು ಹಿಂದಕ್ಕೆ ಬೆಸೆಯಬೇಕು, ಅದೂ ನೇರವಾಗಿ ನಿಲ್ಲುವುದು ಅಪರೂಪ. ಸದ್ದು, ಬೆಂಕಿ ಹೆಚ್ಚುತ್ತವೆ. ಇಷ್ಟೆಲ್ಲ ಆದ ಮೇಲೆ ಅದನ್ನು ಯಾವ ವ್ಯಾಪಾರಿಯೂ ಮುಟ್ಟುವುದಿಲ್ಲ.

ತುದಿಯ ಗುಳಿಗಳಿಗೆ ಬೇರೆ ಪರಿಹಾರವಿದೆ. ಲೈಸೆನ್ಸ್ ಇರುವ ಕಸುಬುದಾರರು ನಳಿಗೆಯ ಹೊರ ಉದ್ದವನ್ನು ಮುಟ್ಟದೆ, ತುದಿಯ ಒಳಭಾಗವನ್ನು ಮಾತ್ರ ಸ್ವಲ್ಪ ಅಗಲವಾಗಿ ಕೊರೆದು, ಗುಂಡು ಬಿಡುವ ಅಂಚನ್ನು ಒಳಗಿನ ಒಳ್ಳೆಯ ಉಕ್ಕಿಗೆ ಸರಿಸಬಲ್ಲರು. ಅದನ್ನೂ ಅಗತ್ಯವಿದ್ದರೆ ಮಾತ್ರ ಮಾಡಿಸಿ. ಗೇಜಿನ ಪರೀಕ್ಷೆಯಲ್ಲಿ ಗೆದ್ದ ಮೇಲೆ ಮೊದಲು ಹೊಡೆದು ನೋಡಿ, ಗುರಿ ನಿಜವಾಗಿಯೂ ಚದುರುತ್ತಿದ್ದರೆ ಆಮೇಲೆ.

ಮಗನ ಆಸೆಯನ್ನು ಒರಟಾಗಿ ತಳ್ಳಿಹಾಕಬೇಡಿ. ಮನೆಯ ಕೋವಿಯ ಮೇಲೆ ಆಸಕ್ತಿ ಇರುವ ಮಗನಿರುವುದು ಒಳ್ಳೆಯದೇ. ಆದರೆ ದುರ್ಬೀನಿಗಾಗಿ ಮೇಲಿನ ಉಕ್ಕಿಗೆ ತೂತು ಕೊರೆದರೆ ಅದು ಶಾಶ್ವತ ಗಾಯ, ಮಾರುಕಟ್ಟೆಯಲ್ಲಿ ಬೆಲೆ ಇಳಿಸುವ ಮೊದಲ ಗುರುತು. ಹಳೆಯ ಹಿಡಿಯ ಎತ್ತರ ಬರಿಗಣ್ಣಿನ ಗುರಿಗೆ ಮಾಡಿದ್ದು, ದುರ್ಬೀನು ಕೂರಿಸಿದರೆ ಕೆನ್ನೆ ಮರಕ್ಕೆ ತಾಗದೆ ಗಾಳಿಯಲ್ಲಿ ನಿಲ್ಲುತ್ತದೆ. ಅಷ್ಟಕ್ಕೂ ಅದು ಯಾವ ಕೆಲಸಕ್ಕೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಲ್ಲಿಸಿದೆ. ಹಬ್ಬದ ತೆಂಗಿನಕಾಯಿಗೆ ಬರಿಗಣ್ಣೇ ಸಾಕು, ಅದರ ಹೆಮ್ಮೆಯೂ ಅದರಲ್ಲೇ ಇದೆ. ಗುರಿ ಅಭ್ಯಾಸ ಮಾಡುವ ಮನಸ್ಸಿದ್ದರೆ ಮಗನನ್ನು ಒಂದು ರೈಫಲ್ ಕ್ಲಬ್ಬಿಗೆ ಸೇರಿಸಿ, ಸಣ್ಣ ಗುಂಡಿನ .22 ರೈಫಲಿನಲ್ಲಿ ಕಲಿಯಲಿ. ಮೂಲದ ಮರದ ಹಿಡಿಯಲ್ಲಿ ಬಿರುಕಿದ್ದರೆ ಅಂಟಿಸಿ ಸರಿಮಾಡಿಸಬಹುದು. ಪ್ಲಾಸ್ಟಿಕ್ ಹಿಡಿ ಹಾಕಿಸಲೇಬೇಕೆಂದಾದರೆ ಹಳೆಯ ಮರವನ್ನು ಎಣ್ಣೆ ಹಚ್ಚಿ ಎತ್ತಿಡಿ. ಹೊಳಪಿಗಾಗಿ ಹೊಸ ಕಪ್ಪು ಬಣ್ಣ ಮಾಡಿಸುವವರು ಮೊದಲು ಉಜ್ಜುವಾಗ ಪರೀಕ್ಷಾ ಮುದ್ರೆಗಳನ್ನೂ ಕ್ರಮಸಂಖ್ಯೆಯನ್ನೂ ತೆಳುಮಾಡಿಬಿಡುತ್ತಾರೆ. ಸಂಖ್ಯೆ ಓದಲಾಗದ ಬಂದೂಕು ಎಂದರೆ ನೇರವಾಗಿ ಮೊಕದ್ದಮೆ.

ಹಾರಿಸುವ ಬಗ್ಗೆ ಒಂದು ಎಚ್ಚರಿಕೆ. ಮಗು ಹುಟ್ಟಿದಾಗ, ಸಾವಾದಾಗ, ಪುತ್ತರಿಯ ಕದಿರು ಕೊಯ್ಯುವಾಗ ಗುಂಡು ಹಾರಿಸುವುದು ನಮ್ಮ ಪದ್ಧತಿ. ಆ ಪದ್ಧತಿಗೆ ಒಗ್ಗಿಬಂದದ್ದು ಗುಂಡಿಲ್ಲದೆ ಮದ್ದು ಮಾತ್ರ ತುಂಬಿದ ಕೇಪಿನ ಕೋವಿ. .315ರ ಗುಂಡನ್ನು ಆಕಾಶಕ್ಕೆ ಬಿಟ್ಟರೆ ಅದು ಎರಡು ಮೂರು ಕಿಲೋಮೀಟರ್ ಆಚೆ ಯಾವುದೋ ತೋಟದ ಕಾರ್ಮಿಕರ ಲೈನ್‌ಮನೆಯ ಹೆಂಚಿನ ಮೇಲೆ ಬೀಳಬಹುದು. ಸಂಭ್ರಮದಲ್ಲಿ ಅಜಾಗರೂಕತೆಯಿಂದ ಹಾರಿಸಿ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸಜೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಎಂದು 2019ರ ತಿದ್ದುಪಡಿ ಹೇಳುತ್ತದೆ. ತೆಂಗಿನಕಾಯಿಗೆ ಹೊಡೆಯುವಾಗಲೂ ಹಿಂದೆ ಮಣ್ಣಿನ ದಿಬ್ಬವಿರಲಿ. ಕಾಫಿ ಗಿಡಗಳ ಸಾಲು ಗುಂಡನ್ನು ತಡೆಯುವುದಿಲ್ಲ.

ನಿಮ್ಮ ಸ್ಥಾನದಲ್ಲಿದ್ದರೆ ನಾನು ಇಟ್ಟುಕೊಳ್ಳುತ್ತಿದ್ದೆ. ಕೈಗೆ ಬರುವ ಹಣ ನೀವೆಣಿಸಿದಷ್ಟಲ್ಲ, ಇಟ್ಟುಕೊಳ್ಳುವ ಕಷ್ಟವೂ ನೀವು ಹೆದರಿದಷ್ಟಲ್ಲ. ಆದರೆ ಮನೆಯಲ್ಲಿ ಕುಡಿತದ ಜಗಳವೋ, ಮನಸ್ಸು ಕುಗ್ಗಿದವರೋ, ಕೀಲಿಗೆ ನಿಲ್ಲದ ಹುಡುಗರೋ ಇದ್ದರೆ ನನ್ನ ಸಲಹೆ ತಿರುಗಿಬೀಳುತ್ತದೆ. ಆಗ ನೆನಪು, ಬೆಲೆ ಯಾವುದನ್ನೂ ಲೆಕ್ಕಿಸದೆ ವ್ಯಾಪಾರಿಗೆ ಒಪ್ಪಿಸಿ. ನೋಡಿಕೊಳ್ಳುವವರು ಮುಂದಿನ ತಲೆಮಾರಿನಲ್ಲಿ ಯಾರೂ ಇಲ್ಲವೆಂದು ಖಚಿತವಾಗಿದ್ದರೂ ಅಷ್ಟೇ, ನೀವು ಗಟ್ಟಿಯಾಗಿರುವಾಗಲೇ ಮಾರುವುದು ಲೇಸು. ಅಧಿಕಾರಿಗಳ ಅನುಮತಿಯೊಂದಿಗೆ ಶಾಶ್ವತವಾಗಿ ನಿಷ್ಕ್ರಿಯಗೊಳಿಸಿ ಗೋಡೆಗೆ ತೂಗುಹಾಕುವ ದಾರಿಯೂ ಇದೆ; ಹಿಂತಿರುಗಿಸಲಾಗದ ಕೆಲಸವಾದ್ದರಿಂದ ಅದನ್ನು ನಾನು ಕೊನೆಗೆ ಇಡುತ್ತೇನೆ. ಬೋಲ್ಟ್ ತುಕ್ಕು ಹಿಡಿದು ತೆರೆಯುತ್ತಿಲ್ಲ ಎಂಬಷ್ಟರಿಂದ ಕೋವಿ ಕಾಯ್ದೆಯ ಹೊರಗೆ ಹೋಗುವುದಿಲ್ಲ, ದುರಸ್ತಿ ಮಾಡಿದರೂ ಹಾರಿಸಲು ಸಾಧ್ಯವಿಲ್ಲದ್ದಕ್ಕೆ ಮಾತ್ರ ಆ ಬಿಡುಗಡೆ.

ಇಟ್ಟುಕೊಳ್ಳುವುದಾದರೆ ನಿಮ್ಮ ದೊಡ್ಡ ಶತ್ರು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳು. ಚರ್ಮದ ಅಥವಾ ಕ್ಯಾನ್ವಾಸಿನ ಚೀಲದೊಳಗೆ ಮಳೆಗಾಲ ಕಳೆಸಬೇಡಿ, ಅವು ತೇವವನ್ನು ಹೀರಿ ಉಕ್ಕಿಗೆ ಒತ್ತಿ ಹಿಡಿಯುತ್ತವೆ. ಹಿಂದಿನವರಂತೆ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಮರ ಒಣಗಿ ಬಿರಿಯುತ್ತದೆ, ಹೊಗೆಯ ಕರಿ ಉಕ್ಕನ್ನು ತಿನ್ನುತ್ತದೆ. ತೋಟದ ಗೊಬ್ಬರದ ಚೀಲಗಳಿರುವ ಕೋಣೆ ಇನ್ನೂ ಕೆಟ್ಟದ್ದು, ಪೊಟ್ಯಾಷ್ ಕೂಡ ಉಪ್ಪೇ. ಒಣ ಗೋಡೆಯ ಕೋಣೆಯಲ್ಲಿ ಕಬ್ಬಿಣದ ಕಪಾಟು, ಒಳಗೆ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣಗಳು, ಹದಿನೈದು ದಿನಕ್ಕೊಮ್ಮೆ ಬಾಗಿಲು ತೆರೆದು ತೆಳುವಾಗಿ ಸವರಿದ ಕೋವಿ ಎಣ್ಣೆ, ಇಷ್ಟು ಸಾಕು. ತೆಂಗಿನೆಣ್ಣೆ ಬೇಡ, ತಿಂಗಳುಗಳಲ್ಲಿ ಅದು ಅಂಟಾಗಿ ಬೋಲ್ಟಿನ ಸ್ಪ್ರಿಂಗನ್ನು ಹಿಡಿದುಕೊಳ್ಳುತ್ತದೆ, ನಾನು ಸೀಮೆಎಣ್ಣೆಯಲ್ಲಿ ಇಡೀ ರಾತ್ರಿ ನೆನೆಸಿ ಬಿಡಿಸಿದ್ದೂ ಇದೆ. ನಳಿಗೆಯ ಬಾಯಿಯನ್ನು ಬಟ್ಟೆ ತುರುಕಿ ಮುಚ್ಚಬೇಡಿ, ಒಳಗೆ ಬೆವರು ನಿಲ್ಲುತ್ತದೆ, ತೆಗೆಯಲು ಮರೆತರೆ ಅದೇ ಅಡ್ಡಿ. ಬೋಲ್ಟನ್ನು ಬೇರೆ ಕಪಾಟಿನಲ್ಲಿ, ತೋಟೆಗಳನ್ನು ಮತ್ತೊಂದರಲ್ಲಿ ಇಡಿ. ಬೋಲ್ಟಿಲ್ಲದ ರೈಫಲ್ ಕಳ್ಳನಿಗೂ ಮಕ್ಕಳಿಗೂ ಬರೀ ಕಬ್ಬಿಣದ ಕೊಳವೆ.

ಪತ್ರ ನಿಮ್ಮ ಹೆಸರಿಗೆ ಬಂದ ಮೇಲೆ, ಠೇವಣಿಯಿಂದ ಬಿಡಿಸಿಕೊಂಡು, ಬೋಲ್ಟ್ ಬೇರ್ಪಡಿಸಿ, ಲೈಸೆನ್ಸ್ ಇರುವ ಯಾವುದಾದರೂ ದುರಸ್ತಿದಾರರಲ್ಲಿ ಗೇಜ್ ಹಾಕಿಸಿ. ಆ ಪರೀಕ್ಷೆಯಲ್ಲಿ ಗೆದ್ದರೆ ವರ್ಷಕ್ಕೊಮ್ಮೆ ಹೊಸ ತೋಟೆಯಿಂದ ತೆಂಗಿನಕಾಯಿಗೆ ಹೊಡೆಯಲು ಅಡ್ಡಿಯಿಲ್ಲ. ಸೋತರೂ ಸೆಪ್ಟೆಂಬರಿನಲ್ಲಿ ಬರುವ ಕೈಲ್‌ಪೊಳ್ದ್ ದಿನ ಅದನ್ನು ಒರೆಸಿ ನೆಲ್ಲಕ್ಕಿಯ (ಮನೆಯ ನಡುಕೋಣೆಯ) ದೀಪದ ಮುಂದೆ ಇಟ್ಟು, ನಳಿಗೆಗೆ ತೋಕ್‌ಪೂ (ಕೋವಿ ಹೂ) ಸಿಕ್ಕಿಸಬಹುದು. ಅದಕ್ಕೆ ಗುಂಡೂ ಬೇಕಿಲ್ಲ, ಬೋಲ್ಟೂ ಬೇಕಿಲ್ಲ.